ಒಂಬತ್ತು ಇಪ್ಪತ್ತಕ್ಕೆ ಹೊರಟ ಅಣವೀರಪ್ಪನವರು

ಜೋಗೇಶ್ವರಿಯ ಒಂದು ಚಾಳಿನ ಎರಡನೇ ಮಾಳಿಗೆಯಲ್ಲಿ ಒಂದು ಖೋಲಿ, ಒಬ್ಬ ಹೆಂಡತಿ, ಬಾಗಿಲ ಹೊರಗೆ ಸರಪಳಿ ಹಾಕಿದ ಒಂದು ಸೈಕಲ್ಲು, ಇಷ್ಟು ಆಸ್ತಿಯ ಅಣವೀರಪ್ಪನವರು ಹದಿನಾಲ್ಕು ವರ್ಷಗಳಲ್ಲಿ ಮೂರು ಸಾವಿರಕ್ಕೂ ಮಿಕ್ಕಿ ಸಲ ವಿಮಾನಗಳನ್ನು ಆಕಾಶಕ್ಕೆ ಕಳಿಸಿಕೊಟ್ಟಿದ್ದರು. ಸ್ವತಃ ತಾವು ಮಾತ್ರ ಆ ಎರಡನೇ ಮಾಳಿಗೆಗಿಂತ ಮೇಲೆ ಹೋದವರಲ್ಲ.

ಮುದ್ದೇಬಿಹಾಳದ ಕಡೆಯಿಂದ ಜುಹೂದ ವಿಮಾನ ಪಟ್ಟಿಗೆ ಜಲ್ಲಿ ಖಡಿ ಹಾಕುವ ಗ್ಯಾಂಗಿನ ಜೊತೆ ಬಂದವರು ಅವರು. ಖಡಿ ಮುಗಿಯಿತು, ಗ್ಯಾಂಗು ಕುರ್ಲಾದ ಕಡೆ ಹೋಯಿತು, ಅಣವೀರಪ್ಪನವರು ಅಲ್ಲೇ ಉಳಿದರು. ಮೊದಲು ಅಲ್ಲಿಯ ಒಂದು ಫ್ಲೈಯಿಂಗ್ ಕ್ಲಬ್ಬಿನ ವಾಚ್‌ಮನ್, ಆಮೇಲೆ ಚಪರಾಸಿ, ಆಮೇಲೆ ಯಾರೋ ಅವರ ಅಕ್ಷರ ನೋಡಿ ಬೆರಗಾಗಿ ಗುಮಾಸ್ತ. ಓದಿದ್ದು ಏಳನೇ ಇಯತ್ತೆ. ಆದರೆ ಇಂಗ್ಲಿಷಿನ ದೊಡ್ಡಕ್ಷರಗಳನ್ನು ಅವರು ಬರೆಯುತ್ತಿದ್ದರೆ ಹಬ್ಬದ ದಿನ ಹೊಸ್ತಿಲ ಮುಂದೆ ರಂಗೋಲಿ ಇಟ್ಟಂತೆ ಇರುತ್ತಿತ್ತು. ಕ್ಲಬ್ಬಿನಲ್ಲಿ ವಿಮಾನ ನಡೆಸುವವರೆಲ್ಲ ದೊಡ್ಡ ಮನೆತನದವರು. ಅವರಿಗೆ ಆಕಾಶ ಬೇಕು, ಫಾರ್ಮು ಬೇಡ. ಫಾರ್ಮು ಅಣವೀರಪ್ಪನವರ ಪಾಲಿಗೆ ಬಂತು.

ಈ ಫಾರ್ಮು ಎಂದರೆ ಹುಡುಗಾಟವಲ್ಲ. ಜುಹೂದ ಪಟ್ಟಿಯ ಮಗ್ಗುಲಲ್ಲೇ ದೊಡ್ಡ ವಿಮಾನಗಳ ನಿಲ್ದಾಣ. ಅದರ ಸುತ್ತಲಿನ ಆಕಾಶಕ್ಕೆಲ್ಲ ಬೇಲಿ ಇದೆ. ಬೇಲಿ ನಕ್ಷೆಯ ಮೇಲೆ ಮಾತ್ರ ಕಾಣುತ್ತದೆ, ಮೇಲೆ ಹೋದರೆ ಕಾಣುವುದಿಲ್ಲ. ಆ ನಿಲ್ದಾಣದ ಟವರಿನವರ ಅಪ್ಪಣೆ ಇಲ್ಲದೆ ಅದರೊಳಗೆ ಕಾಲಿಡುವಂತಿಲ್ಲ, ಅಂದರೆ ರೆಕ್ಕೆ ಇಡುವಂತಿಲ್ಲ. ಬಿಸಿಲಿದ್ದಾಗ ಹೇಗೋ ನಡೆದೀತು. ಮೋಡ ಕವಿದರೆ ಎಲ್ಲವೂ ಕಾಗದದ ಮೇಲೆ ಮೊದಲೇ ತೀರ್ಮಾನವಾಗಬೇಕು: ಯಾವ ದಾರಿ, ಎಷ್ಟು ಎತ್ತರ, ಎಷ್ಟು ವೇಗ, ಎಷ್ಟು ತಾಸಿನ ಪೆಟ್ರೋಲು, ಇಳಿಯಲಾಗದಿದ್ದರೆ ಮತ್ತೆಲ್ಲಿ, ಒಳಗೆ ಎಷ್ಟು ಜನ. ಅಣವೀರಪ್ಪನವರು ಹವಾಮಾನದ ಚೀಟಿ ತರಲು ಆ ನಿಲ್ದಾಣಕ್ಕೆ ಸೈಕಲ್ಲಿನಲ್ಲಿ ಹೋಗುತ್ತಿದ್ದರು. ‘ಎಂಟರಲ್ಲಿ ಏಳು ಪಾಲು ಮೋಡ, ತಳ ಒಂಬೈನೂರು ಅಡಿ’ ಎಂಬ ಚೀಟಿಯನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು, ಅದೇ ಮೋಡದ ಮಳೆಯಲ್ಲಿ ತೊಯ್ದು ಬರುತ್ತಿದ್ದರು.

ಕಾಲು ನೆಲದ ಮೇಲಿದ್ದೂ ದಾದರಿನಲ್ಲಿ ತಪ್ಪು ಲೋಕಲ್ ಹತ್ತಿ ಕಲ್ಯಾಣ ಮುಟ್ಟುವ ನಮ್ಮಂಥವರಿಗೆ ಇದೆಲ್ಲ ತಿಳಿಯುವುದು ಕಷ್ಟ. ಪಕ್ಕದ ಖೋಲಿಯ ದರ್ಜಿ ಅಲ್ಲಾಬಕ್ಷನಿಗೂ ತಿಳಿದಿರಲಿಲ್ಲ. ಒಮ್ಮೆ ಕೇಳಿಯೇಬಿಟ್ಟ.

“ಅಣ್ಣಾರ, ಮೋಡದಾಗ ದಾರಿ ಹ್ಯಾಂಗ ಕಾಣ್ತದ?”

“ಕಾಣೂದಿಲ್ಲ. ಕುರ್ಲಾ ಸ್ಟೇಷನ್ನಿನಾಗ ತಲಿ ಮ್ಯಾಲ ಗೋಣಿಚೀಲ ಹಾಕ್ಕೊಂಡು ಹಳಿ ದಾಟೂದು ನೋಡು, ಹಂಗ. ಸಿಗ್ನಲ್ ಕ್ಯಾಬಿನ್ನಿನಾಂವ ಮ್ಯಾಲಿಂದ ಒದರತಾನ, ‘ಈಗ ದಾಟು, ಈಗ ನಿಂದ್ರು’ ಅಂತ. ಅಂವಾ ಹೇಳಿದ್ದು ಕೇಳೂದು.”

“ಯಾ ಅಲ್ಲಾ! ವಿಮಾನ ನಿಂದ್ರತದೇನು?”

“ನಿಂದ್ರೂದಿಲ್ಲ. ಅಲ್ಲೇ ಗಿರಕಿ ಹೊಡೀತದ, ದಾರಿ ಬಿಡೂತನಕ.”

ಅಣವೀರಪ್ಪನವರಿಗೆ ಒಂದೇ ಒಂದು ಅಹಂಕಾರವಿತ್ತು. ಹದಿನಾಲ್ಕು ವರ್ಷದಲ್ಲಿ ಅವರು ಕ್ಲಬ್ಬಿನ ಹಾರಾಟದ ರಜಿಸ್ಟರಿನಲ್ಲಿ ಒಂದೂ ಸುಳ್ಳು ಸಮಯ ಬರೆದಿರಲಿಲ್ಲ. ಹತ್ತು ನಿಮಿಷ ಕಡಿಮೆ ಬರಿ ಎಂದ ಕಮಿಟಿ ಮೆಂಬರನೊಬ್ಬನ ಎದುರು ಪೆನ್ನಿನ ಮುಚ್ಚಳ ಹಾಕಿ ಎದ್ದು ನಿಂತವರು ಅವರು. ‘ರಜಿಸ್ಟರಿನ್ಯಾಗ ಬರದದ್ದು ಆಗಿರ್ತದ, ಆಗಿದ್ದು ರಜಿಸ್ಟರಿನ್ಯಾಗ ಇರ್ತದ’ ಎಂದು ಮನೆಯಲ್ಲೂ ಹೇಳುತ್ತಿದ್ದರು. ಆ ಮಾತನ್ನು ಹೆಂಡತಿ ಗುರುಬಾಯಿ ಇಷ್ಟು ಮನಸ್ಸಿಟ್ಟು ಕೇಳುತ್ತಿದ್ದಾಳೆಂದು ಅವರಿಗೆ ಗೊತ್ತಿರಲಿಲ್ಲ.

ಇನ್ನು ಅವರಿಗೊಂದು ಆಸೆಯೂ ಇತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲವಾದ್ದರಿಂದ ಎಲ್ಲರಿಗೂ ಗೊತ್ತಿತ್ತು. ಒಂದು ಸಲ, ಒಂದೇ ಸಲ, ಆ ಫಾರ್ಮಿನೊಳಗೆ ತಾವು ಕೂತು ಹೋಗಬೇಕು.

೧೯೭೦ರ ಆಗಸ್ಟಿನಲ್ಲಿ ಕ್ಲಬ್ಬಿನ ಬೋರ್ಡಿಗೆ ಒಂದು ನೋಟೀಸು ಬಿತ್ತು. ಸೆಪ್ಟೆಂಬರ್ ಒಂದನೇ ತಾರೀಖಿನಿಂದ ಕ್ಲಬ್ಬಿನ ನೌಕರರು ಯಾರೂ ವಿಮಾನದಲ್ಲಿ ಕೂರತಕ್ಕದ್ದಲ್ಲ, ವಿಮಾ ಕಂಪನಿಯ ಹೊಸ ಶರತ್ತು. ನೋಟೀಸನ್ನು ಟೈಪಿಸ್ಟು ರಜೆಯಲ್ಲಿದ್ದುದರಿಂದ ಅಣವೀರಪ್ಪನವರೇ ಕೈಯಾರೆ ಬರೆದಿದ್ದರು, ರಂಗೋಲಿಯಂಥ ಅಕ್ಷರದಲ್ಲಿ.

ಅದನ್ನು ಓದಿದ ಕ್ಯಾಪ್ಟನ್ ಭರೂಚಾ, ಕ್ಲಬ್ಬಿನ ಮುಖ್ಯ ಪೈಲಟ್ಟು, ಇವರ ಮೇಜಿನ ಅಂಚಿಗೆ ಕೂತ. ಅಣವೀರಪ್ಪ ಎಂಬ ಹೆಸರು ಆ ಪಾರಸಿ ನಾಲಿಗೆಗೆ ಹೊರಳುತ್ತಿರಲಿಲ್ಲ, ‘ಅಪ್ಪಾ’ ಎನ್ನುತ್ತಿದ್ದ. ಅರವತ್ತರ ಮುದುಕ ಇವರನ್ನು ಅಪ್ಪಾ ಎನ್ನುವುದು ಕೇಳಿ ಹೊಸಬರು ಗಲಿಬಿಲಿಯಾಗುತ್ತಿದ್ದರು.

“ಅಪ್ಪಾ, ಸಂಡೇ ತೀಸ್ ತಾರೀಖ್. ನಾನು ಪುಣೆಗೆ ಹೋಗಿ ಸಾಮಾನಿನ ಪೆಟ್ಟಿಗೆ ತರಬೇಕು. ನಾಲ್ಕು ಸೀಟಿನ ವಿಮಾನ. ತೂ ಚಲ್. ಶಾಮ್ ಕೋ ವಾಪಸ್.”

ಅಣವೀರಪ್ಪನವರ ಪೆನ್ನು ಕೈಯಿಂದ ಜಾರಿ ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ರಜಿಸ್ಟರಿನ ಮೇಲೆ ಮಸಿ ಬಿತ್ತು.

ಮೂರು ಸಾವಿರ ಹಾರಾಟಗಳನ್ನು ತಲಾ ಅರ್ಧ ತಾಸಿನಲ್ಲಿ ಗೊತ್ತುಮಾಡಿದವರು ಈ ಒಂದಕ್ಕೆ ಒಂದು ವಾರ ತೆಗೆದುಕೊಂಡರು. ಖೋಲಿಯ ನೆಲದ ಮೇಲೆ ನಕ್ಷೆ ಹಾಸಿದರು. ಗುರುಬಾಯಿ ಅದರ ಮೇಲೆ ಕಾಲಿಡದೆ ಒಲೆಗೂ ಮೋರಿಗೂ ಓಡಾಡುವುದನ್ನು ಕಲಿತಳು. ಘಟ್ಟದ ಗುಡ್ಡಗಳ ಎತ್ತರ ಕೂಡಿದರು, ಮೋಡದೊಳಗೆ ಗುಡ್ಡ ಹಾಯದಿರಲಿ ಎಂದು ಅದರ ಮೇಲೆ ಮೂರು ಸಾವಿರ ಅಡಿ ಸೇರಿಸಿದರು. ಕಡೆಗೆ ತಮ್ಮ ಹೊಟ್ಟೆಯ ನೆನಪಾಗಿ ಚಾಳಿನ ಕೆಳಗಿನ ಗುಜರಿ ಅಂಗಡಿಯ ತಕ್ಕಡಿಯಲ್ಲಿ, ಹಳೆ ಪೇಪರಿನ ಕಟ್ಟುಗಳ ಎದುರು ತಮ್ಮನ್ನು ತೂಗಿಸಿಕೊಂಡು ಬಂದು ಭಾರದ ಲೆಕ್ಕದಲ್ಲಿ ಬರೆದರು. ‘ಒಳಗೆ ಇರುವವರು’ ಎಂಬ ಕಡೆ ತುಂಬಿದ ‘ಇಬ್ಬರು’ ಅವರ ಮನಸ್ಸಿಗೆ ಒಪ್ಪುವಷ್ಟು ಚೆಂದ ಬರಲಿಲ್ಲ. ಆ ಹಾಳೆ ಹರಿದು ಬೇರೆ ಬರೆದರು.

ಟವರಿನವರು ಒಪ್ಪಿದರು: ಒಂಬತ್ತರಿಂದ ಹನ್ನೊಂದೂವರೆ ಒಳಗೆ ಯಾವಾಗ ಬೇಕಾದರೂ ಏರಿ, ಚಕ್ರ ನೆಲ ಬಿಟ್ಟ ಕೂಡಲೇ ತಿಳಿಸಿ. ಕ್ಯಾಪ್ಟನ್ ಭರೂಚಾ ಭಾನುವಾರ ಹತ್ತೂವರೆಗೆ ಮೊದಲು ಯಾವ ವಾಹನವನ್ನೂ ಮುಟ್ಟಿದ ಇತಿಹಾಸವಿಲ್ಲವಾದ್ದರಿಂದ ಅಣವೀರಪ್ಪನವರು ತಮ್ಮಷ್ಟಕ್ಕೇ ಹನ್ನೊಂದು ಎಂದು ಗೊಣಗಿಕೊಂಡರು.

ಹನ್ನೊಂದು ಎಂಬುದು ಗುರುಬಾಯಿಯ ಕಿವಿಗೆ ಬಿತ್ತು.

“ಮರುದಿನ ಬೆನಕನ ಅಮಾಸಿ. ಅಮಾಸಿ ಹಿಂದಿನ ದಿನ ಹನ್ನೊಂದಕ್ಕ ಹೊರಡ್ತೀರಿ? ಅದೂ ಕಾಲ ಕೆಳಗ ಏನೂ ಇಲ್ಲದ ದಾರಿಗಿ?” ಎಂದವಳೇ ಹಿಂದಿನ ಚಾಳಿನ ಮಠದ ಅಯ್ಯನವರ ಹತ್ತಿರ ಹೋಗಿ ಬಂದಳು. “ಒಂಬತ್ತು ಇಪ್ಪತ್ತು. ಅದೊಂದs ಗಳಿಗಿ ಅದ. ಆಮ್ಯಾಲ ಇಡೀ ದಿನ ಹಾಳ.”

“ಅಲ್ಲಾ ಗುರುಬಾಯಿ, ಕ್ಯಾಪ್ಟನ್ ಸಾಹೇಬ ಒಂಬತ್ತು ಇಪ್ಪತ್ತಕ್ಕ ಹಲ್ಲs ಉಜ್ಜಿರೂದಿಲ್ಲ.”

“ಅಂವಾ ಉಜ್ಜಲಿ ಬಿಡಲಿ. ನಾವು ಪರಸ್ಥಾನ ಇಡೂಣು.”

ಗಳಿಗೆ ಒಂದು ಕಡೆ, ಹೊರಡುವುದು ಇನ್ನೊಂದು ಕಡೆ ಆದಾಗ ನಮ್ಮ ಹಿರಿಯರು ಹುಡುಕಿದ ಉಪಾಯ ಇದು. ಒಳ್ಳೆಯ ಗಳಿಗೆಗೆ ಪ್ರಯಾಣದ ಗಂಟನ್ನು ಮನೆಯಿಂದ ತೆಗೆದು ದಾರಿಯ ಮೇಲೆ ಎಲ್ಲಾದರೂ ಇಟ್ಟುಬಿಡುವುದು. ಗಂಟು ಹೋಯಿತು ಎಂದರೆ ಮನುಷ್ಯ ಹೋದ ಹಾಗೆ. ಅವನು ನಿಧಾನವಾಗಿ ಹಿಂದಿನಿಂದ ಹೋದರೆ ನಡೆಯುತ್ತದೆ. ಗ್ರಹಗಳು ಗಂಟನ್ನು ನೋಡುತ್ತವೆ, ಮನುಷ್ಯನನ್ನು ನೋಡುವುದಿಲ್ಲ ಎಂಬ ನಂಬಿಕೆಯ ಮೇಲೆ ಬಿಜಾಪುರ ಜಿಲ್ಲೆಯ ಅರ್ಧ ಜನ ಮುಂಬಯಿಗೆ ಬಂದಿದ್ದಾರೆ.

ಭಾನುವಾರ ಬೆಳಿಗ್ಗೆ ಗುರುಬಾಯಿ, ಸಾಕ್ಷಿಗೆ ಅಲ್ಲಾಬಕ್ಷ, ಅಣವೀರಪ್ಪನವರು ಮೂವರೂ ಬಸ್ಸಿನಲ್ಲಿ ಜುಹೂಕ್ಕೆ ಬಂದರು. ಹ್ಯಾಂಗರಿನ ಮುಂದಿನ ಹುಲ್ಲಿನ ಮೇಲೆ ನಾಲ್ಕು ಸೀಟಿನ ಬಿಳಿ ವಿಮಾನ ಮಳೆಯಲ್ಲಿ ತೊಯ್ಯುತ್ತ ನಿಂತಿತ್ತು. ಗುರುಬಾಯಿ ಅದರ ಮುಂದಿನ ಚಕ್ರಕ್ಕೆ ಕುಂಕುಮ ಹಚ್ಚಿದಳು, ಕೆಳಗೆ ಲಿಂಬೆಹಣ್ಣು ಇಟ್ಟಳು, ಕಾಯಿ ಒಡೆದಳು. ಕರೆಕ್ಟಾಗಿ ಒಂಬತ್ತು ಇಪ್ಪತ್ತಕ್ಕೆ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಬೆಲ್ಲ ಕಟ್ಟಿದ ಗಂಟನ್ನು ಮುಂದಿನ ಸೀಟಿನ ಮೇಲೆ ಇರಿಸಿ ಕೈಮುಗಿದಳು.

“ಇನ್ನ ನೀವು ಹೋದಂಗ,” ಎಂದಳು. “ಯಾರರ ಕೇಳಿದ್ರ ‘ಹೋಗೇನಿ’ ಅನ್ನಬೇಕು. ‘ಇನ್ನೂ ಹೋಗಿಲ್ಲ’ ಅಂತ ಬಾಯಾಗ ಬಂತಂದ್ರ ಪರಸ್ಥಾನ ಮುರೀತದ. ಮುರಿದ ಪರಸ್ಥಾನದ ಮ್ಯಾಲ ಹೋದಾಂವ ಹೊಳ್ಳಿ ಬರೂದಿಲ್ಲ. ನನ್ನ ಆಣಿ ಅದ.”

“ಆಯ್ತು ಮಾರಾಯ್ತಿ.”

ಆಫೀಸಿನ ಫೋನು ಆಗಲೇ ಬಡಿದುಕೊಳ್ಳಬೇಕೆ?

ಅಣವೀರಪ್ಪನವರು ಓಡಿ ಎತ್ತಿದರು. ಗುರುಬಾಯಿಯೂ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಳು. ಆ ಕಡೆ ಟವರಿನ ಸಾಹೇಬರು. ಮೋಡ ಬೇಗ ಇಳಿಯುತ್ತಿದೆ, ದೊಡ್ಡ ವಿಮಾನಗಳನ್ನು ಇಳಿಸಿಕೊಳ್ಳಬೇಕು, ನಿಮ್ಮ ಪುಣೆಯ ವಿಮಾನ ಹೊರಟಿತೋ ಇಲ್ಲವೋ?

ಅಣವೀರಪ್ಪನವರು ಬಾಯಿ ತೆರೆದರು. ಒಂದು ಕಡೆ ಹದಿನಾಲ್ಕು ವರ್ಷದ ರಜಿಸ್ಟರು, ಇನ್ನೊಂದು ಕಡೆ ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಹೆಂಡತಿ. ರಜಿಸ್ಟರಿಗೆ ಕಣ್ಣಿರಲಿಲ್ಲ. ಗುರುಬಾಯಿಗೆ ಇದ್ದವು, ಅವು ನೆಟ್ಟಿದ್ದವು.

“ಹಾಂ ಸಾಬ್,” ಎಂದರು. “ನಿಕಲಾ.”

“ಕಿತನೇ ಬಜೇ?”

“ನೌ ಬೀಸ್.”

ಗುರುಬಾಯಿಯ ಮುಖ ಅರಳಿತು. ಹೊರಟವರನ್ನು ತಿರುಗಿ ನೋಡಬಾರದೆಂದು ನೋಡದೆ, ಅಲ್ಲಾಬಕ್ಷನ ಛತ್ರಿಯೊಳಗೆ ಸೇರಿಕೊಂಡು ಬಸ್ ಸ್ಟಾಪಿನತ್ತ ನಡೆದೇಬಿಟ್ಟಳು. ಗಂಡ ಮೇಲಿಂದ ಹಾದು ಹೋಗುವಾಗ ಚಾಳಿನ ಗಚ್ಚಿಯ ಮೇಲೆ ಇರಬೇಕಲ್ಲ!

ಅವರಿಬ್ಬರೂ ಗೇಟು ದಾಟಿದ್ದೇ ತಡ ಅಣವೀರಪ್ಪನವರು ಫೋನಿನ ಮೇಲೆ ಬಿದ್ದರು. ತಪ್ಪಾಯಿತು ಸಾಹೇಬ, ಹೋಗಿಲ್ಲ ಎಂದು ಹೇಳಬೇಕು. ಫೋನು ಸತ್ತಿತ್ತು. ಮಳೆಗಾಲದಲ್ಲಿ ವಾರಕ್ಕೆರಡು ಸಲ ಸಾಯುವ ಫೋನು ಅದು, ಇವತ್ತು ಒಂದು ಸುಳ್ಳು ಹೇಳಿಸುವಷ್ಟು ಹೊತ್ತು ಬದುಕಿ ಪ್ರಾಣ ಬಿಟ್ಟಿತ್ತು. ಸೈಕಲ್ಲು ಚಾಳಿನಲ್ಲಿ ಸರಪಳಿಯೊಳಗಿತ್ತು. ವಿಮಾನದಲ್ಲಿ ಹೋಗುವವನು ಸೈಕಲ್ಲು ಯಾಕೆ ತರುತ್ತಾನೆ? ರಸ್ತೆಗೆ ಓಡಿದರು. ಭಾನುವಾರ, ಮಳೆ, ಟ್ಯಾಕ್ಸಿ ಇಲ್ಲ, ಎದುರಿನ ಇರಾನಿ ಹೋಟೆಲಿನ ಫೋನೂ ಸತ್ತಿದೆ.

ಮರಳಿ ಬಂದು ಮೇಜಿನ ಎದುರು ಕೂತರು. ಟವರಿನ ಪುಸ್ತಕದಲ್ಲಿ ಈಗ ಒಂಬತ್ತು ಇಪ್ಪತ್ತಕ್ಕೆ ಒಂದು ವಿಮಾನ ಹೊರಟಿದೆ, ಒಳಗೆ ಇಬ್ಬರಿದ್ದಾರೆ. ಇಲ್ಲಿ ಕಿಟಕಿಯಾಚೆ ಅದೇ ವಿಮಾನ ನಿಂತಿದೆ, ಒಳಗೆ ರೊಟ್ಟಿ ಇದೆ. ಸುಳ್ಳನ್ನು ಪೂರ್ತಿ ಅಳಿಸುವುದು ಆಗದಿದ್ದರೆ ಅರ್ಧವನ್ನಾದರೂ ನಿಜ ಮಾಡಬೇಕು. ಎದ್ದು ಹೋಗಿ ವಿಮಾನದ ಬಾಗಿಲು ತೆರೆದು ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಸೀಟಿನ ಪಟ್ಟಿ ಬಿಗಿದುಕೊಂಡರು. ಗಡಿಯಾರ ನೋಡಿದರು, ಒಂಬತ್ತು ನಲವತ್ತು.

ಕೈಯಳತೆಯಲ್ಲೇ ರೇಡಿಯೋ ಇತ್ತು. ಅದರಲ್ಲಿ ಒಂದು ಮಾತು ಹೇಳಿದ್ದರೆ ಮುಗಿದಿತ್ತು. ಆದರೆ ಲೈಸೆನ್ಸ್ ಇಲ್ಲದವರು ರೇಡಿಯೋ ಮುಟ್ಟತಕ್ಕದ್ದಲ್ಲ ಎಂಬ ನೋಟೀಸನ್ನೂ ಅವರೇ ಬರೆದಿದ್ದರು. ಒಂದು ದಿನಕ್ಕೆ ಒಂದು ಅಪರಾಧ ಸಾಕೆಂದು ಎರಡೂ ಕೈ ಗಂಟಿನ ಮೇಲೆ ಇಟ್ಟುಕೊಂಡರು.

ಆಗ ಮೋಡ ಇಳಿಯಿತು. ಮೊದಲು ತೆಂಗಿನ ಮರಗಳ ತಲೆ ಹೋಯಿತು, ಆಮೇಲೆ ಹ್ಯಾಂಗರಿನ ಮಾಡು ಹೋಯಿತು, ಆಮೇಲೆ ವಿಮಾನದ ರೆಕ್ಕೆಯ ತುದಿ ಹೋಯಿತು. ನಾಲ್ಕೂ ಕಿಟಕಿಗಳಲ್ಲಿ ಹಾಲಿನಂಥ ಬಿಳುಪು. ಗಾಳಿಗೆ ವಿಮಾನ ಸಣ್ಣಗೆ ತೂಗತೊಡಗಿತು. ಅಣವೀರಪ್ಪನವರು ನೂರಾರು ಸಲ ‘ಮೋಡದೊಳಗೆ’ ಎಂದು ಬರೆದಿದ್ದರು, ಅದರೊಳಗೆ ಹೀಗಿರುತ್ತದೆಂದು ಗೊತ್ತಿರಲಿಲ್ಲ. ಕಾಲ ಕೆಳಗೆ ಹುಲ್ಲಿದೆಯೋ ಏಳು ಸಾವಿರ ಅಡಿ ಇದೆಯೋ, ನೋಡಿ ಹೇಳುವಂತಿರಲಿಲ್ಲ. ಅವರು ನೋಡಲೂ ಇಲ್ಲ.

ಅಷ್ಟರಲ್ಲಿ ಮೇಲೆ ಸದ್ದು. ದೊಡ್ಡ ಜೆಟ್ಟು. ಸದ್ದು ಸಮುದ್ರದ ಕಡೆಯಿಂದ ಬಂದು ಜೋಗೇಶ್ವರಿಯ ಕಡೆ ಹೋಯಿತು. ಹೋದದ್ದು ಇಳಿಯಲಿಲ್ಲ, ತಿರುಗಿ ಬಂತು. ಮತ್ತೆ ಹೋಯಿತು, ಮತ್ತೆ ಬಂತು. ಎರಡನೇ ಸುತ್ತಿಗೆ ಅಣವೀರಪ್ಪನವರಿಗೆ ಅರ್ಥವಾಯಿತು. ಮೋಡದೊಳಗೆ ಎಲ್ಲೋ ಒಂದು ಸಣ್ಣ ವಿಮಾನವಿದೆ, ಅದು ರೇಡಿಯೋದಲ್ಲಿ ಮಾತಾಡುತ್ತಿಲ್ಲ, ಅದು ಎಲ್ಲಿದೆಯೆಂದು ತಿಳಿಯುವ ತನಕ ಯಾರೂ ಇಳಿಯುವಂತಿಲ್ಲ. ಪರದೇಶದಿಂದ ಬಂದ ನೂರಾರು ಜನ ಮೇಲೆ ಗಿರಕಿ ಹೊಡೆಯುತ್ತಿದ್ದಾರೆ, ಕೆಳಗೆ ಇವರ ತೊಡೆಯ ಮೇಲೆ ಶೇಂಗಾ ಚಟ್ನಿ ಇದೆ.

“ಎಪ್ಪಾ, ಮಲ್ಲಯ್ಯಾ,” ಎಂದರು, “ಅವ್ರನ್ನ ಇಳಸು. ನಾ ಬೇಕಾರ ಎಂದೂ ಹಾರೂದಿಲ್ಲ.”

ಹತ್ತು ನಲವತ್ತಕ್ಕೆ ಬಾಗಿಲು ತೆರೆಯಿತು. ಕ್ಯಾಪ್ಟನ್ ಭರೂಚಾ, ಮಂಡಿಯವರೆಗೆ ಕೆಸರು.

“ಅರೇ ಅಪ್ಪಾ! ಇಷ್ಟು ಬೇಗ ಕೂತುಬಿಟ್ಟೆಯಾ?”

“ಸಾಬ್, ನಾವು ಒಂಬತ್ತು ಇಪ್ಪತ್ತಕ್ಕೇ ಹೋಗಿದ್ದೇವೆ,” ಎಂದು ಅಣವೀರಪ್ಪನವರು ಹಿಂದಿಯಲ್ಲಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ಗಳಿಗೆ, ಗಂಟು, ಆಣೆ, ಫೋನು, ಮೇಲಿನ ಜೆಟ್ಟು. ಭರೂಚಾ ಮೇಲೆ ನೋಡಿ ಸದ್ದು ಕೇಳಿದ. ಮುಖದ ನಗು ಹಾರಿಹೋಯಿತು. ಒಳಗೆ ನುಗ್ಗಿ ರೇಡಿಯೋ ಹಚ್ಚಿ ಟವರನ್ನು ಕೂಗಿದ.

ನಾವು ಜುಹೂದಲ್ಲಿ ನೆಲದ ಮೇಲಿದ್ದೇವೆ, ಎಂದ. ಆ ಕಡೆಯ ದನಿಗೆ ಹೋದ ಜೀವ ಬಂದಂತಾಯಿತು. ಎಷ್ಟು ಹೊತ್ತಿಗೆ ಇಳಿದಿರಿ, ಎಂದು ಕೇಳಿತು.

ಭರೂಚಾ ಅಣವೀರಪ್ಪನವರನ್ನು ನೋಡಿದ. ಗಳಿಗೆ, ಗಂಟು, ಆಣೆಗಳನ್ನು ಇಂಗ್ಲಿಷಿಗೆ ತಿರುಗಿಸುವುದನ್ನು ಒಂದು ಕ್ಷಣ ಯೋಚಿಸಿದನೆಂದು ಕಾಣುತ್ತದೆ. ಆಮೇಲೆ ಗಡಿಯಾರ ನೋಡಿ, “ಹತ್ತು ನಲವತ್ತೈದು” ಎಂದ.

ಐದು ನಿಮಿಷಕ್ಕೆ ಜೆಟ್ಟಿನ ಸದ್ದು ತಗ್ಗಿ ಪೂರ್ವಕ್ಕೆ ಇಳಿಯಿತು. ಅಣವೀರಪ್ಪನವರು ಕಣ್ಣು ಒರೆಸಿಕೊಂಡರು.

ಈಗ ಹೋಗಲು ಅಪ್ಪಣೆ ಕೊಡಿ ಎಂದು ಭರೂಚಾ ಕೇಳಿದ್ದಕ್ಕೆ ಟವರಿನವರು, ಸಿಟ್ಟಿದ್ದರೂ ಮರ್ಯಾದೆಯಿಂದಲೇ, ಮೋಡ ನೆಲ ಮುಟ್ಟಿದೆ, ಇವತ್ತು ಜುಹೂ ಬಂದ್ ಎಂದರು. ಒಮ್ಮೆ ಹೋಗಿ ಬಂದಿದ್ದೀರಲ್ಲ, ಇನ್ನೇನು? ಎಂದೂ ಸೇರಿಸಿದರು. ರೇಡಿಯೋ ಆರಿತು. ಭರೂಚಾ ಗಂಟಿನ ಕಡೆ ನೋಡಿ, “ಪೋಟಲೀ ಮೇಂ ಕ್ಯಾ ಹೈ?” ಎಂದ. ಬಿಳಿ ಮೋಡದ ನಡುವೆ ಇಬ್ಬರೂ ರೊಟ್ಟಿ ಮುರಿದರು. ಚಟ್ನಿಯ ಖಾರಕ್ಕೆ ಕ್ಯಾಪ್ಟನ್ನನ ಕಣ್ಣಲ್ಲೂ ನೀರು ಬಂತು.

ಆಫೀಸಿಗೆ ಹೋಗಿ ರಜಿಸ್ಟರು ತೆರೆದಾಗ ಅಣವೀರಪ್ಪನವರ ಪೆನ್ನು ಗಾಳಿಯಲ್ಲೇ ನಿಂತಿತು. ಹೊರಟದ್ದು ೯.೨೦, ಇಳಿದದ್ದು ೧೦.೪೫. ಟವರಿನ ಪುಸ್ತಕದಲ್ಲಿ ಹಾಗಿದೆ, ಇಲ್ಲಿ ಬೇರೆ ಬರೆಯುವಂತಿಲ್ಲ. ಆದರೆ ಉಳಿದ ಖಾನೆಗಳಲ್ಲಿ ಅವರು ಇನ್ನೊಂದು ಸುಳ್ಳು ಬರೆಯಲು ಸಿದ್ಧರಿರಲಿಲ್ಲ. ರಂಗೋಲಿಯ ಅಕ್ಷರದಲ್ಲಿ ಬರೆದರು: ‘ಪೈಲಟ್: ೯.೨೦ರಿಂದ ೧೦.೪೦, ಯಾರೂ ಇಲ್ಲ. ೧೦.೪೦ರಿಂದ ೧೦.೪೫, ಕ್ಯಾ. ಭರೂಚಾ. ಪ್ರಯಾಣಿಕ: ೯.೪೦ರಿಂದ, ಗುಮಾಸ್ತ.’

ಭರೂಚಾ ಓದಿದ. ಕನ್ನಡಕ ಹಾಕಿಕೊಂಡು ಮತ್ತೆ ಓದಿದ.

“ಅಂದರೆ ಪೂರಾ ಒಂದು ತಾಸು ಮೋಡದೊಳಗೆ ಗುಮಾಸ್ತ ಒಬ್ಬನೇ?”

“ಹಾಂ ಸಾಬ್.”

“ಔರ್ ಪ್ಲೇನ್ ಕೋ ಕುಛ್ ನಹೀಂ ಹುವಾ?”

“ನಹೀಂ ಸಾಬ್.”

“ನನ್ನ ಸ್ಟೂಡೆಂಟುಗಳಿಗಿಂತ ಚಲೋ,” ಎಂದು ಭರೂಚಾ ಸಹಿ ಮಾಡಿದ.

ಮಧ್ಯಾಹ್ನ ಮೂರಕ್ಕೆ ಅಣವೀರಪ್ಪನವರು ಚಾಳಿನ ಮೆಟ್ಟಿಲು ಹತ್ತಿದಾಗ ಎರಡೂ ಮಾಳಿಗೆಯ ಜನ ಹೊರಗಿದ್ದರು. ಗುರುಬಾಯಿ ಹೊಸ್ತಿಲಲ್ಲೇ ತಡೆದು ನೀರು ನಿವಾಳಿಸಿ ಚೆಲ್ಲಿದಳು. ಎದುರು ಖೋಲಿಯ ಚಂದ್ರವ್ವ ಬೆರಳು ಮುರಿದು ದೃಷ್ಟಿ ತೆಗೆದಳು.

“ಮೂರು ಸುತ್ತು ಹೊಡದ್ರಿ ನಮ್ಮ ಚಾಳಿಗಿ! ಎಣಿಸೇನಿ ನಾ,” ಎಂದಳು ಚಂದ್ರವ್ವ.

“ನಾ ಲಾಲ್ ಅರವಿ ಬೀಸೀನ್ರೀ ಗಚ್ಚಿ ಮ್ಯಾಲ ನಿಂತು,” ಎಂದ ಅಲ್ಲಾಬಕ್ಷ. “ಸಣ್ಣ ವಿಮಾನ ಅಂತಿದ್ರಿ. ಏನ್ ಆವಾಜ್ ಅದು! ನಮ್ಮಾಕಿ ಬೀಬೀಜಾನ ಭಾಂಡಿ ಮಾಡದಿಂದ ಬಿದ್ವು!”

ಅಣವೀರಪ್ಪನವರು ಚಪ್ಪಲಿ ಬಿಟ್ಟರು. “ಕೇಳ್ರಿ,” ಎಂದರು. “ಅದು ನಾನಲ್ಲ. ನಮ್ಮ ವಿಮಾನ ಏರಲs ಇಲ್ಲ. ನೆಲದ ಮ್ಯಾಲ ಹುಲ್ಲಿನ್ಯಾಗ ಕುಂತಿದ್ದೆ, ಒಬ್ಬನs.”

ಇಡೀ ಚಾಳು ಒಮ್ಮೆಲೇ ನಕ್ಕಿತು.

“ನೋಡ್ರಿ, ದೊಡ್ಡ ಮನಶ್ಯಾರು ಹಿಂಗs ಮಾತಾಡೂದು,” ಎಂದ ಅಲ್ಲಾಬಕ್ಷ. “ನಾ ಆಗಿದ್ರ ಕುರ್ಲಾತನಕ ಡಂಗುರ ಹೊಡೀತಿದ್ದೆ.”

ಎಲ್ಲ ಹೋದ ಮೇಲೆ ಗುರುಬಾಯಿ ಗಂಟಿನ ಬಟ್ಟೆ ಬಿಚ್ಚಿ ಮೋರಿಯ ಮೇಲೆ ಝಾಡಿಸಿದಳು. ಒಂದು ತುಣುಕು ರೊಟ್ಟಿ ಉಳಿದಿರಲಿಲ್ಲ. ಅವಳಿಗೆ ಬೇಕಾದ ಸಾಕ್ಷಿ ಅಷ್ಟೇ.

“ಏನೇನು ಕಂಡ್ರಿ?”

“ಮೋಡ.”

“ಮತ್ತ?”

“ಬರೇ ಮೋಡ. ಎಲ್ಲಾ ಕಡೆ ಬೆಳ್ಳಗ.”

“ಅಂಜಿಕಿ ಆಗಲಿಲ್ಲೇನು?”

“ಆತು. ಸುತ್ತು ಹೊಡೀತಿತ್ತಲ್ಲ, ಆವಾಗ.” ಅಣವೀರಪ್ಪನವರು ಗೋಡೆಗೆ ಒರಗಿದರು. “ಗುರುಬಾಯಿ, ಖರೇ ಹೇಳ್ತೀನಿ, ನಾ ಹಾರಲಿಲ್ಲ. ನಾಡದ ಒಂದನೇ ತಾರೀಖು. ಇನ್ನ ಹಾರೂದೂ ಇಲ್ಲ.”

ಗುರುಬಾಯಿ ಅವರ ಮುಖವನ್ನು ನೋಡಿದಳು. ಫೋನಿನ ಹತ್ತಿರ ನಿಂತಾಗ ನೋಡಿದ ಹಾಗಲ್ಲ, ಬೇರೆ ಥರ.

“ರಜಿಸ್ಟರಿನ್ಯಾಗ ಬರದೀರೇನು?”

“ಬರದೀನಿ.”

“ಏನಂತ?”

“ಒಂಬತ್ತು ಇಪ್ಪತ್ತಕ್ಕ ಹೊರಟಿತು, ಹತ್ತು ನಲವತ್ತೈದಕ್ಕ ಇಳೀತು ಅಂತ.”

“ಮತ್ತ ನನಗ್ಯಾಕ ಸುಳ್ಳು ಹೇಳ್ತೀರಿ?” ಎಂದು ಅವಳು ಬಟ್ಟೆ ಮಡಚಿ ಗೂಡಿನಲ್ಲಿಟ್ಟಳು. “ಚಾ ಮಾಡ್ಲೇನು?”

ರಜಿಸ್ಟರಿಗೆ ವಿರುದ್ಧ ಹೇಳಲು ಅಣವೀರಪ್ಪನವರ ಬಳಿ ಯಾವ ಕಾಗದವೂ ಇರಲಿಲ್ಲ.

“ಮಾಡು,” ಎಂದರು.